ಆರನೆಯ ಮೊಳೆ

ಬಿಲ್ಲೆಗಳು ಮತ್ತೆ ಕಿಣಿಗುಟ್ಟುತ್ತಿವೆ, ಅಂದರೆ ಕರೆಂಟು ಬಂತು, ಫ್ಯಾನು ತಿರುಗಿತು, ಗೋಡೆಯ ಹಲಗೆಯಲ್ಲಿ ಮೊಳೆಗಳಿಗೆ ನೇತುಹಾಕಿದ ತಗಡಿನ ಬಿಲ್ಲೆಗಳೆಲ್ಲ ಗಾಳಿಗೆ ಅಲುಗಿ ಒಂದಕ್ಕೊಂದು ತಾಗುತ್ತಿವೆ, ನನ್ನ ಹೆಂಡತಿ ಜಲಜ ಬೆಳಿಗ್ಗೆ ಬುತ್ತಿ ಡಬ್ಬಿಗೆ ಮುಚ್ಚಳ ಒತ್ತುವಾಗಿನ ಸದ್ದು, ಬುತ್ತಿ ಇನ್ನೂ ಬಿಚ್ಚಿಲ್ಲ, ಹನ್ನೊಂದಕ್ಕೆ ಹೋದ ಕರೆಂಟು ಒಂದು ಗಂಟೆಗೆ ಬಂದಿದೆ, ಆಚೆ ಶೆಡ್ಡಿನಲ್ಲಿ ಕುಲುಮೆ ಗುಂಯ್ ಎನ್ನತೊಡಗಿದೆ, ಆ ಸದ್ದು ಕಿವಿಗಿಂತ ಮೊದಲು ಹಿಮ್ಮಡಿಗೆ ಗೊತ್ತಾಗುತ್ತದೆ, ಹತ್ತೊಂಬತ್ತು ವರ್ಷ ಮಾಚೇನಹಳ್ಳಿಯ ಈ ಎರಕದ ಕಾರ್ಖಾನೆಯ ಒಂದೇ ನೆಲದ ಮೇಲೆ ನಿಂತ ಹಿಮ್ಮಡಿ — ಈ ಕಡೆ ಮೂಲೆಯಲ್ಲಿ ರಶ್ಮಿಯ ಪ್ರಿಂಟರು ಹಲ್ಲು ಕಡಿಯುತ್ತಿದೆ, ಹೊಸ ಹಾಳೆ ಬರುತ್ತಿದೆ. ಮೊದಲೆಲ್ಲ ಹೀಗೆ ಕರೆಂಟು ಹೋಗಿ ಬಂದರೆ ಇಡೀ ದಿನದ ಕೆಲಸವನ್ನು ಮತ್ತೆ ಹೊಂದಿಸಲು ನನಗೇ ಒಂದು ತಾಸು ಹಿಡಿಯುತ್ತಿತ್ತು, ಯಾವ ಅಚ್ಚು ಸಿದ್ಧವಿದೆ, ಯಾವುದು ಇಲ್ಲ, ಯಾರ ಲಾರಿ ಯಾವಾಗ ಬರುತ್ತದೆ, ಕಿವಿಗೆ ಬಳಪ ಸಿಕ್ಕಿಸಿಕೊಂಡು ಹಲಗೆಯ ಮುಂದೆ ನಿಂತುಬಿಡುತ್ತಿದ್ದೆ, ಈ ಹುಡುಗಿ ಏಳು ನಿಮಿಷದಲ್ಲಿ ಮಾಡುತ್ತಾಳೆ, ಶಿವಮೊಗ್ಗದ ಕೋಟೆ ಕಡೆಯ ಹುಡುಗಿ, ಏಳು ತಿಂಗಳ ಹಿಂದೆ ಮಾಲೀಕರು ಶಿವರಾಜ್ ತಂದು ಕೂರಿಸಿದ ಪ್ಲಾನಿಂಗ್ ಇಂಜಿನಿಯರು, ನನಗೆ ಹೊಟ್ಟೆಕಿಚ್ಚಿಲ್ಲ, ಇದ್ದರೂ ಸ್ವಲ್ಪ, ಏಳು ನಿಮಿಷ ಅಂದರೆ ಏಳು ನಿಮಿಷವೇ, ಒಪ್ಪಿಕೊಳ್ಳಬೇಕು. ಹಾಳೆಯನ್ನು ಹರಿದುಕೊಂಡು ಹಲಗೆಯ ಹತ್ತಿರ ಬರುತ್ತಾಳೆ, ತುದಿಗಾಲಲ್ಲಿ ನಿಂತು ಬುಧವಾರದ ಸಾಲಿನ ಕೊನೆಯ ಮೊಳೆಯಿಂದ ಕೆಂಪು ಬಿಲ್ಲೆಯನ್ನು ತೆಗೆದು ಮೂರನೆಯ ಮೊಳೆಗೆ, ಅಲ್ಲಿದ್ದ ಹಳದಿಯನ್ನು ಕೊನೆಯದಕ್ಕೆ ಹಾಕುತ್ತಾಳೆ, ಸರ್, ಸಬ್‌ಸ್ಟೇಷನ್ನಿಂದ ಫೋನ್ ಬಂದಿತ್ತು, ಮೂರಕ್ಕೆ ಮತ್ತೆ ಕರೆಂಟ್ ಹೋಗತ್ತಂತೆ, ಆರರ ತನಕ ಬರಲ್ವಂತೆ, ಅದಕ್ಕೇ ಪಂಪ್ ಕೇಸಿಂಗನ್ನ ಎರಡೂವರೆಗೆ ತಂದಿದೀನಿ, ಬೆಳಿಗ್ಗೆ ಲಾರಿಗೆ ಅದೊಂದು ಹೋಗ್ಲೇಬೇಕು, ಕೋರು ಒಂಬತ್ತೂವರೆಗೆ ಒಲೆಗೆ ಹೋಗಿದೆ, ನಾಲ್ಕೂವರೆ ಗಂಟೆ, ಎರಡಕ್ಕೆ ತೆಗೆದ್ರೆ ಎರಡೂವರೆಗೆ ಸರಿಯಾಗಿ ಕೂರತ್ತೆ ನೋಡಿ ಸರ್. ಅವಳ ಮುಖದಲ್ಲಿ ಒಂದು ಸಣ್ಣ ಸಂತೋಷ, ಕೊನೆಯ ಹೊಲಿಗೆ ಸರಿಯಾಗಿ ಬಿದ್ದಾಗ ದರ್ಜಿಯವನ ಮುಖದಲ್ಲಿ ಇರುತ್ತದಲ್ಲ, ಅದು. ನಾಲ್ಕೂವರೆ. ನಾನು ಬರೆಸಿದ್ದು ಆರು.

ಆರು ಅಂದರೆ ಆರೇ, ಅದೊಂದು ಮಾತ್ರ. ಕೇಸಿಂಗ್ ಅಂದರೆ ಪಂಪಿನ ಹೊರಚಿಪ್ಪು, ಅದರ ಹೊಟ್ಟೆ ಟೊಳ್ಳಾಗಿರಬೇಕಲ್ಲ, ಆ ಟೊಳ್ಳಿನ ಆಕಾರಕ್ಕೆ ಮರಳು, ಎಣ್ಣೆ, ನೀರು ಕಲಸಿ ಒಂದು ಗಡ್ಡೆ ಕಟ್ಟುತ್ತಾರೆ, ಅದೇ ಕೋರು, ಕೇಸಿಂಗಿನದು ಒಂದು ಕರುವಿನಷ್ಟು ದಪ್ಪ, ಅದನ್ನು ಸೌದೆ ಒಲೆಯಲ್ಲಿ ಸುಟ್ಟು ಒಣಗಿಸಿ ಅಚ್ಚಿನೊಳಗೆ ಕೂರಿಸಿ ಸುತ್ತ ಕಬ್ಬಿಣ ಸುರಿಯಬೇಕು, ಮೇಲೆ ಬಿಸ್ಕತ್ತಿನ ಹಾಗೆ ಕೆಂಪಗೆ ಗಟ್ಟಿಯಾಗಿದ್ದರೂ ಒಳಗೆ ಒಂದು ಲೋಟ ನೀರು ಉಳಿದರೆ ಸಾಕು, ಕಾದ ಕಬ್ಬಿಣ ತಾಗಿದ ಕೂಡಲೇ ಅದು ಹಬೆಯಾಗುತ್ತದೆ, ಹಬೆಗೆ ಹೋಗಲು ದಾರಿ ಬೇಕು, ದಾರಿ ಇರುವುದು ಮೇಲೆ ಒಂದೇ, ಸುರಿಯುವ ಬಾಯಿ, ಬಾಯಿಯ ಮುಂದೆ ಒಂದು ಮುಖ ಇರುತ್ತದೆ. ಈ ಎಡಗೈ. ಮೊಣಕೈಯಿಂದ ಮಣಿಕಟ್ಟಿನ ತನಕ ಹಲಸಿನೆಲೆಯಂಥ ಕಲೆ, ಮುಟ್ಟಿದರೆ ಯಾರದೋ ಕೈ ಮುಟ್ಟಿದ ಹಾಗಿರುತ್ತದೆ, ಇಲ್ಲಿ ಅಲ್ಲ, ಇಪ್ಪತ್ತೇಳು ವರ್ಷದ ಹಿಂದೆ ಭದ್ರಾವತಿಯ ಹಳೇ ಒಂದು ಶೆಡ್ಡಿನಲ್ಲಿ, ಆ ಶೆಡ್ಡೂ ಈಗಿಲ್ಲ, ಗೋಣಿಚೀಲದ ಗೋದಾಮಾಗಿದೆ, ಅವತ್ತು ನಾನು ಕೈ ಅಡ್ಡ ಹಿಡಿದೆ, ಅದಕ್ಕೇ ಕಣ್ಣು ಉಳಿಯಿತು. ಇವತ್ತು ಎರಡೂವರೆಗೆ ಆ ಬಾಯಿಯ ಮುಂದೆ ಮೂರ್ತಪ್ಪನ ಮುಖ ಇರುತ್ತದೆ, ಇಲ್ಲಿ ಅಚ್ಚು ಕಟ್ಟುವವರಿಗೆ ಅವನೇ ಮೇಸ್ತ್ರಿ, ದೊಡ್ಡ ಕೆಲಸಕ್ಕೆ ಸುರಿಯುವವನೂ ಅವನೇ, ಎರಡೂ ಕೈಯಲ್ಲಿ ಕರಗಿದ ಕಬ್ಬಿಣದ ಬಕೆಟ್ಟನ್ನು ಬಾಗಿಸುವ ಚಕ್ರ ಹಿಡಿದಿರುತ್ತಾನೆ, ಅವನಿಗೆ ಅಡ್ಡ ಹಿಡಿಯಲು ಕೈ ಇರುವುದಿಲ್ಲ. ಗಡಿಯಾರ ನೋಡುತ್ತೇನೆ, ಒಂದು ಇಪ್ಪತ್ತೈದು. ಎರಡಕ್ಕೆ ಕೋರನ್ನು ಒಲೆಯಿಂದ ತೆಗೆದು ಅಚ್ಚಿನಲ್ಲಿ ಕೂರಿಸಿ ಮುಚ್ಚುತ್ತಾರೆ, ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆಯ ಪ್ಲಾನಿನಲ್ಲಿ ಕೇಸಿಂಗ್ ಕೊನೆಯ ಮೊಳೆಯಲ್ಲಿತ್ತು, ಸಂಜೆ ಐದಕ್ಕೆ, ಅಷ್ಟು ಹೊತ್ತಿಗೆ ಕೋರು ತಾನಾಗಿ ಒಣಗಿರುತ್ತಿತ್ತು, ನಾಲ್ಕೂವರೆ ಎಂಬ ತಪ್ಪು ಒಳಗೇ ಮಲಗಿರುತ್ತಿತ್ತು, ಯಾರಿಗೂ ಗೊತ್ತಾಗದೆ ಇನ್ನೊಂದು ವರ್ಷ ಮಲಗಿರುತ್ತಿತ್ತು. ಕರೆಂಟು ಹೋಗಿ ಅದನ್ನು ಎಬ್ಬಿಸಿತು.

ಹೇಳಿಬಿಡು ಅತ್ಲಾಗೆ, ಕೋರು ಹಸಿ ಇದೆ ಅಂತ ಹೇಳಿಬಿಡು, ಮೂರು ಪದ — ಅದೇ ಮೂರು ಪದವನ್ನು ಹೋದ ಏಪ್ರಿಲ್‌ನಲ್ಲಿ ಹೇಳಿದ್ದೆನಲ್ಲ. ಆ ದಿನ ತಗಡಿನ ಚಾವಣಿ ಕಾದು ಕಾಗೆಯೂ ಕೂರುತ್ತಿರಲಿಲ್ಲ, ಮೂರು ಕುಲುಮೆ ಕಬ್ಬಿಣವನ್ನು ಒಂದರ ಮೇಲೊಂದು ಸುರಿಸಿದ್ದರು, ಮೂರ್ತಪ್ಪನ ತುಟಿ ಬೆಳ್ಳಗಾಗಿತ್ತು, ಒಂದು ತಾಸು ನಿಲ್ಲಿಸಬೇಕಿತ್ತು ಅಷ್ಟೆ, ನಿಲ್ಲಿಸಿ ಅಂದರೆ ನಿಲ್ಲಿಸುವುದಿಲ್ಲ ಎಂದು ಗೊತ್ತು, ಕೋರು ಹಸಿ ಇದೆ ಸಾರ್ ಅಂದೆ, ಕೋರು ಕಟ್ಟುವ ಕಾಳಮ್ಮನೂ ನನ್ನ ಮುಖ ನೋಡಿ ಹೂಂ ಸಾರ್ ಹಸಿ ಐತೆ ಅಂದಳು. ಶಿವರಾಜ್ ರಶ್ಮಿಯ ಕಡೆ ನೋಡಿದರು. ರಶ್ಮಿ ಹೋಗಿ ಒಲೆಯಿಂದ ಒಂದು ಸಣ್ಣ ಕೋರನ್ನು ಇಕ್ಕಳದಲ್ಲಿ ಹಿಡಿದು ತಂದು ಇದೇ ಮೇಜಿನ ಮೇಲೆ ಸುತ್ತಿಗೆಯ ಹಿಂಬದಿಯಿಂದ ಒಂದು ಏಟು ಹಾಕಿದಳು, ಒಣ ಮರಳು ಸಕ್ಕರೆಯ ಹಾಗೆ ಸುರಿಯಿತು, ಒಂದು ಹಳೇ ಪೇಪರಿನಲ್ಲಿ ಮರಳನ್ನು ಬಳಿದು ಬುಟ್ಟಿಗೆ ಹಾಕಿದಳು. ಕೊಟ್ರಬಸಪ್ಪೋರೆ, ನೀವು ದೊಡ್ಡೋರು, ಅಂದರು ಶಿವರಾಜ್. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವತ್ತು ಮತ್ತೆ ಹೋಗಿ ಹಸಿ ಅಂದರೆ ನಂಬುವವರು ಯಾರು, ಕಾಳಮ್ಮ ಹೇಳಿದರೂ ನಂಬುವುದಿಲ್ಲ, ಅವಳೂ ಅವತ್ತು ನನ್ನ ಜೊತೆಯವಳೇ, ಒಡೆದು ತೋರಿಸೋಣವೆಂದರೆ ಇದು ಸಣ್ಣ ಕೋರಲ್ಲ, ಇರುವುದು ಒಂದೇ, ಒಡೆದರೆ ಇನ್ನೊಂದು ಕಟ್ಟಲು ಎರಡು ದಿನ, ಲಾರಿ, ಕೇಸಿಂಗಿಗೆ ಆರ್ಡರು ಕೊಟ್ಟ ಪುಣೆಯವರ ಫೋನು, ಇನ್ನೊಂದ್ ಸಲ ತಡ ಆದ್ರೆ ಬೇರೆಯೋರನ್ನ ನೋಡ್ಕೋತೀವಿ ಎಂಬ ಮಾತು, ಶಿವರಾಜ್ ಒಡೆಯಲು ಬಿಡುವುದಿಲ್ಲ.

ಅವರಪ್ಪ ಇದ್ದಿದ್ದರೆ. ಓಂಕಾರಪ್ಪನವರು ಬೆಳಿಗ್ಗೆ ಎಂಟಕ್ಕೆ ಹಣೆಯ ವಿಭೂತಿ ಇನ್ನೂ ಆರದೆ ಬಂದು ಈ ಹಲಗೆಯ ಮುಂದೆ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು, ಹಲಗೆ ಮಾಡಿಸಿದ್ದು ನಾನು, ದಿನಕ್ಕೊಂದು ಸಾಲು, ಸಾಲಿಗೆ ಆರು ಮೊಳೆ, ಒಂದು ಮೊಳೆ ಅಂದರೆ ಒಂದು ಕುಲುಮೆ ಕಬ್ಬಿಣ, ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಿಲ್ಲೆ, ಹಳದಿ ಬಣ್ಣದವು ದಿನದ ಸಣ್ಣ ಕೆಲಸ, ಕೆಂಪು ದೊಡ್ಡದು. ಮೊದಲ ದಿನ ಐದು ಮೊಳೆಗೆ ಬಿಲ್ಲೆ ಹಾಕಿ ಆರನೆಯದನ್ನು ಖಾಲಿ ಬಿಟ್ಟಿದ್ದೆ, ಇದ್ಯಾಕೋ ಕೊಟ್ರ ಖಾಲಿ ಅಂದರು, ಅದು ಕರೆಂಟಿಗೆ, ಬುದ್ದಿ, ಅಂದೆ, ಕರೆಂಟಿಗೇನೋ ಅಚ್ಚು ಹೊಯ್ತೀಯಾ ಅಂದರು, ಕರೆಂಟು ಹೋಗುತ್ತಲ್ಲ, ಇಲ್ಲ ಯಾರಾದರೂ ಬರಲ್ಲ, ಇಲ್ಲ ಸರಪಳಿ ಕಡಿಯುತ್ತೆ, ಅವತ್ತಿನ ಕೆಲಸ ಜಾರಿ ಬಂದು ಇಲ್ಲಿ ಕೂರುತ್ತೆ, ಇದೂ ಇಲ್ಲದಿದ್ರೆ ನಾಳೆ ಮೇಲೆ ಬೀಳುತ್ತೆ, ನಾಳೇದು ನಾಡಿದ್ದರ ಮೇಲೆ. ಅವರು ತಲೆಯಾಡಿಸಿದರು, ಮಠದಲ್ಲಿ ಪಂಕ್ತಿಗೆ ಒಂದು ಎಲೆ ಹೆಚ್ಚಿಗೆ ಹಾಕ್ತಾರಲ್ಲ, ಹಂಗೆ, ಅಂದರು, ಅವತ್ತಿನಿಂದ ಆಯುಧಪೂಜೆಯ ದಿನ ಕುಲುಮೆಗೆ, ತಕ್ಕಡಿಗೆ, ಕ್ರೇನಿಗೆ ಹೂ ಏರಿಸಿದ ಮೇಲೆ ಆರೂ ಸಾಲಿನ ಖಾಲಿ ಮೊಳೆಗೆ ಒಂದೊಂದು ಚೆಂಡುಹೂವನ್ನು ಅರಿಶಿನದ ದಾರದಲ್ಲಿ ತಾವೇ ಕಟ್ಟುತ್ತಿದ್ದರು. ಖಾಲಿ ಮೊಳೆ, ಎಲ್ಲರ ಕಣ್ಣೆದುರಿಗೆ ಖಾಲಿ. ಅವರು ಹೋದ ಮೇಲೆ ಶಿವರಾಜ್ ಬಂದರು, ಕೆಟ್ಟ ಮನುಷ್ಯನಲ್ಲ, ಯಾರ ಮನೆಯಲ್ಲಿ ಕಾಯಿಲೆ ಅಂದರೂ ತಾನೇ ಕಾರು ತೆಗೆಯುತ್ತಾರೆ, ಆದರೆ ಖಾಲಿ ಮೊಳೆ ಕಂಡರೆ ತಡೆದುಕೊಳ್ಳಲಾರರು, ಖಾಲಿ ಮೊಳೆ ಅಂದ್ರೆ ಖಾಲಿ ಕುಲುಮೆ ಕೊಟ್ರಬಸಪ್ಪೋರೆ ಎಂದು ತಾವೇ ಒಂದು ಹಳದಿ ಬಿಲ್ಲೆ ಹಾಕಿದರು, ಆ ವಾರ ಎರಡು ಸಲ ಕರೆಂಟು ಹೋಯಿತು, ಶನಿವಾರದ ಹೊತ್ತಿಗೆ ಮಂಗಳವಾರದ ಕೆಲಸ ಇನ್ನೂ ನೆಲದ ಮೇಲಿತ್ತು, ಬೈಗುಳ ತಿಂದದ್ದು ಮೂರ್ತಪ್ಪ.

ಆವಾಗ ಬಸ್ಸಿನಲ್ಲಿ ಕುಳಿತು ಮನೆಗೆ ಹೋಗುವಾಗ ನನಗೆ ಹೊಳೆಯಿತು, ಎಂಥಾ ಬುದ್ಧಿವಂತ ನಾನು, ಮೊಳೆಯನ್ನು ಖಾಲಿ ಬಿಡಲು ಬಿಡುವುದಿಲ್ಲವಲ್ಲ, ಹಾಗಾದರೆ ಮೊಳೆಯನ್ನೇ ಪುಡಿಮಾಡಿ ಎಲ್ಲಾ ಬಿಲ್ಲೆಗಳ ಒಳಗೆ ಬೆರೆಸಿಬಿಟ್ಟರೆ, ಬೆಲ್ಲ ಕುಟ್ಟಿ ಹಿಟ್ಟಿಗೆ ಬೆರೆಸಿದ ಹಾಗೆ, ಎರಡೂವರೆ ತಾಸಿನ ಕೆಲಸಕ್ಕೆ ನಾಲ್ಕು ಎಂದು ಬರೆಸು, ಮೂರರದ್ದಕ್ಕೆ ಐದು ಅನ್ನು, ಹನ್ನೆರಡು ಬಗೆಯ ಮಾಲು ಹೊಯ್ಯುತ್ತೇವೆ, ಹನ್ನೊಂದಕ್ಕೆ ಹಾಗೆ ಬರೆಸಿದೆ. ಕರೆಂಟು ಹೋದರೂ ಹೋಗದ ಹಾಗೆ ಕೆಲಸ ಮುಗಿಯುತ್ತಿತ್ತು, ಹೋಗದ ದಿನ ಮೂರ್ತಪ್ಪನ ಹುಡುಗರು ಹಿಂದಿನ ಹೊಂಗೆ ಮರದ ಕೆಳಗೆ ಹತ್ತು ನಿಮಿಷ ಕೂತು, ಮುಖಕ್ಕೆ ನೀರು ಹಾಕಿಕೊಂಡು, ಮರಳಿನ ರಾಶಿಯ ಮೇಲೆ ಬೆನ್ನು ಚಾಚುತ್ತಿದ್ದರು, ಆರು ವರ್ಷದಲ್ಲಿ ಒಬ್ಬನೂ ತಲೆ ತಿರುಗಿ ಬಿದ್ದಿಲ್ಲ, ಅದು ನನ್ನ ಹೆಗ್ಗಳಿಕೆ, ಯಾರಿಗೂ ಹೇಳಿಕೊಳ್ಳಲಾಗದ ಹೆಗ್ಗಳಿಕೆ. ಹನ್ನೆರಡನೆಯದು ಈ ಕೇಸಿಂಗು, ಅದಕ್ಕೂ ಎಂಟು ಅನ್ನೋಣ ಅಂದಿದ್ದೆ, ಕಾಳಮ್ಮ ಒಪ್ಪಲಿಲ್ಲ, ಇದ್ರಲ್ಲಿ ಆಟ ಆಡಬ್ಯಾಡಣ್ಣ, ಆರು ಅಂದ್ರೆ ಆರು, ಜಾಸ್ತಿ ಇಟ್ರೂ ಸುಟ್ಟು ಪುಡಿ ಆಗುತ್ತೆ, ಕಮ್ಮಿ ಆದ್ರೆ ನಿಂಗೆ ಗೊತ್ತೇ ಐತೆ ಎಂದು ನನ್ನ ಎಡಗೈ ನೋಡಿದಳು. ಆರು ಎಂದು ಬರೆಸಿದೆ. ಹನ್ನೊಂದು ಸುಳ್ಳಿನ ಜೊತೆ ಒಂದು ನಿಜ ಒಂದೇ ಹಾಳೆಯಲ್ಲಿ ಕೂತುಕೊಂಡಿತು, ಒಂದೇ ಅಕ್ಷರ, ಒಂದೇ ಇಂಕು.

ನಮ್ಮ ಮನೆಯ ಗಡಿಯಾರ. ಜಲಜ ಅದನ್ನು ಹತ್ತು ನಿಮಿಷ ಮುಂದೆ ಇಟ್ಟಿರುತ್ತಾಳೆ, ಏಳು ಹತ್ತರ ಬಸ್ಸು ತಪ್ಪಬಾರದು ಅಂತ, ಮುಂದಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ಹತ್ತು ಕಳೆದುಕೊಂಡೇ ನೋಡುತ್ತೇವೆ, ಅವಳೂ ಅಷ್ಟೇ, ಹೋದ ವರ್ಷ ಕಾಗದನಗರದ ಕ್ವಾರ್ಟರ್ಸಿನಿಂದ ಅವಳ ತಮ್ಮ ಬಂದಿದ್ದ, ಮಿಲ್ಲಿನ ಸೈರನ್ನಿಗೆ ಬದುಕುವ ಮನುಷ್ಯ, ಅಕ್ಕಾ ನಿಮ್ಮ ಗಡಿಯಾರ ತಪ್ಪು ತೋರಿಸ್ತಿತ್ತು, ಸರಿ ಮಾಡಿದೀನಿ, ಅಂತ ಹೇಳುವುದನ್ನು ಮರೆತು ಹೊರಟುಹೋದ, ಮಾರನೇ ದಿನ ನಾನು ಸರಿಯಾದ ಗಡಿಯಾರದಲ್ಲಿ ಹತ್ತು ಕಳೆದುಕೊಂಡು ನಿಧಾನವಾಗಿ ಕಾಫಿ ಕುಡಿದೆ, ಬಸ್ಸು ಹೋಗಿತ್ತು. ಇಡೀ ವಾರ ನಕ್ಕೆವು. ಈಗ ನಗು ಬರುತ್ತಿಲ್ಲ. ರಶ್ಮಿ ಮಾಡಿದ್ದೂ ಅದೇ, ಬಂದ ಎರಡನೇ ತಿಂಗಳಿಗೆ ನನ್ನ ಲೆಕ್ಕ ಮತ್ತು ಗೇಟಿನ ರಿಜಿಸ್ಟರು ಎರಡನ್ನೂ ಎದುರು ಬದುರು ಇಟ್ಟುಕೊಂಡು ಕೇಳಿದಳು, ಸರ್, ನೀವು ಹೇಳಿರೋ ಹೊತ್ತಿಗೂ ಕೆಲಸ ಆಗಿರೋ ಹೊತ್ತಿಗೂ ಹೊಂದ್ತಾನೇ ಇಲ್ಲ, ಕಮ್ಮಿ ಅಂದ್ರೂ ಕಾಲು ಭಾಗ ಜಾಸ್ತಿ ಇದೆ, ನಾನು ಎಲ್ಲದ್ರಲ್ಲೂ ಕಾಲು ಭಾಗ ಕಡಿಮೆ ಮಾಡ್ತೀನಿ, ಇದ್ರಲ್ಲಿ ಯಾವುದಾದ್ರೂ ಒಂದು ನಿಜವಾದ್ದು ಇದ್ರೆ ಹೇಳಿ, ಅದನ್ನ ಮುಟ್ಟಲ್ಲ. ಎಷ್ಟು ಮರ್ಯಾದೆಯಿಂದ ಕೇಳಿದಳು, ಬಾಗಿಲು ತೆರೆದು ಪಕ್ಕಕ್ಕೆ ನಿಂತ ಹಾಗೆ. ಒಂದು ನಿಜ ಎಂದು ಬೆರಳಿಟ್ಟು ತೋರಿಸಿದರೆ ಉಳಿದ ಹನ್ನೊಂದು ಏನಾದವು, ನಾನು ನಕ್ಕೆ, ಎಲ್ಲಾ ನಿಜಾನೇ ಕಣಮ್ಮಾ ಅಂದೆ, ಕಾಲು ಭಾಗ ಹೋದರೂ ನಮ್ಮ ಹುಡುಗರಿಗೆ ಇನ್ನೂ ಸ್ವಲ್ಪ ಉಳಿಯುತ್ತದೆ ಎಂದು ಒಳಗೊಳಗೇ ಖುಷಿ ಬೇರೆ. ಅವಳು ಕಡಿದಳು. ಹನ್ನೊಂದು ಸುಳ್ಳುಗಳಿಗೆ ಅಂಗಿ ಬಿಗಿಯಾಯಿತು ಅಷ್ಟೆ, ನಿಜದ ಕೈ ಕತ್ತರಿಸಿ ಹೋಯಿತು. ಅವಳು ಕತ್ತರಿಸಿದ್ದಲ್ಲ, ನಾನು ಅವಳ ಕೈಯಲ್ಲಿ ಕತ್ತರಿ ಕೊಟ್ಟು ಸುಮ್ಮನೆ ನಿಂತೆ.

ಒಂದು ಮುಕ್ಕಾಲು. ಕಾಲು ತಾನಾಗಿ ಶೆಡ್ಡಿನ ಕಡೆ ನಡೆಯುತ್ತಿದೆ, ಸುಟ್ಟ ಎಣ್ಣೆಯ ವಾಸನೆ, ಒಲೆಯ ಮುಂದೆ ಕಾಳಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಸೆರಗನ್ನು ಕಿವಿಗೆ ಸುತ್ತಿದ್ದಾಳೆ, ಉದ್ದ ಕಬ್ಬಿಣದ ಕಡ್ಡಿಯನ್ನು ಒಳಗೆ ಹಾಕಿ ಕೋರಿಗೆ ಟಕ್ ಎಂದು ತಟ್ಟಿ ಕಡ್ಡಿಯ ಈ ತುದಿಯನ್ನು ದವಡೆಗೆ ಒತ್ತಿಕೊಳ್ಳುತ್ತಾಳೆ, ಒಣಗಿದ್ದರೆ ಹಲ್ಲಿಗೆ ಗಂಟೆ ಬಾರಿಸಿದ ಹಾಗಾಗುತ್ತದಂತೆ, ಹಸಿಯಾಗಿದ್ದರೆ ಹಲಸಿನಕಾಯಿ ತಟ್ಟಿದ ಹಾಗೆ. ಹ್ಯಾಗಿದೆ ಅಂತ ಕೇಳುತ್ತೇನೆ. ಒಳಗಿನ್ನೂ ನೀರೈತಣ್ಣ, ಎರಡಕ್ಕೆ ತೆಗೀಬೇಕಂತೆ, ನಾನು ತೆಗೆಯಲ್ಲ ಅಂದ್ರೆ ಬೇರೆಯೋರು ತೆಗೀತಾರೆ, ನೀನಾದ್ರೂ ಹೇಳು — ನಾನು ಹೇಳಿದ್ರೆ ಅವತ್ತಿನ ಹಂಗೆ ಅಂತಾರೆ. ಆ ಕಡೆ ಮೂರ್ತಪ್ಪ ಟ್ರ್ಯಾಕ್ಟರ್ ಟ್ರಾಲಿಯ ಚಕ್ರದ ನಡುವೆ ಕೂರುವ ಹಬ್ಬುಗಳಿಗೆ ಅಚ್ಚು ಕಟ್ಟಿಸುತ್ತಿದ್ದಾನೆ, ಅಚ್ಚು ಕಟ್ಟಲು ಕರೆಂಟು ಬೇಡ, ಹನ್ನೆರಡಕ್ಕೆ ಶುರುಮಾಡಿದ್ದಾರೆ, ರಶ್ಮಿಯ ಹಾಳೆಯಲ್ಲಿ ಮೂರಕ್ಕೆ ಮುಗಿಯುತ್ತದೆ, ನಿಜಕ್ಕೂ ಎರಡೂವರೆಗೆ ಮುಗಿಯುತ್ತದೆ, ಆ ಅರ್ಧ ತಾಸೇ ಅವರಿಗೆ ಉಳಿದಿರುವುದು, ಈಗಲೇ ಇಬ್ಬರು ಕೈ ನಿಧಾನ ಮಾಡಿದ್ದಾರೆ, ಒಬ್ಬ ಟವಲು ನೆನೆಸಿ ಕತ್ತಿಗೆ ಹಾಕಿಕೊಂಡಿದ್ದಾನೆ. ಏನ್ ಕೊಟ್ರಣ್ಣ, ಮೇಡಂ ಹಾಳೆ ಓದೋಕೆ ಬಂದ್ಯಾ, ಬಾ ನಿಂಗೊಂದು ಅಚ್ಚು ಕೊಡ್ತೀನಿ, ಕೈ ಮರ್ತೋಗಿರಬೇಕು ಎಂದು ಮೂರ್ತಪ್ಪ ನಗುತ್ತಾನೆ, ಮುಂದಿನ ಎರಡು ಹಲ್ಲಿಲ್ಲದ ನಗು, ಆ ಮುಖ, ಹುಬ್ಬಿನ ಮೇಲೆ ಮರಳು, ಕಣ್ಣಿನ ಸುತ್ತ ನೆರಿಗೆ, ಆ ನೆರಿಗೆಗಳ ನಡುವೆ ಎರಡು ಕಣ್ಣು. ಕುಲುಮೆ ಅರ್ಧ ಕರಗಿದೆ. ಸುಮ್ಮನೆ ನಿಲ್ಲಿಸಿಬಿಡಿ ಅಂದರೂ ಆಗುವುದಿಲ್ಲ, ಮೂರಕ್ಕೆ ಕರೆಂಟು ಹೋಯಿತೆಂದರೆ ಕಬ್ಬಿಣ ಕುಲುಮೆಯೊಳಗೇ ಗಡ್ಡೆ ಕಟ್ಟುತ್ತದೆ, ಕುಲುಮೆಯ ಒಳಗೋಡೆ ಸೀಳುತ್ತದೆ, ಒಂದು ವಾರ ಬೀಗ, ಕರಗಿದ ಕಬ್ಬಿಣಕ್ಕೆ ಮೂರರೊಳಗೆ ಒಂದು ಅಚ್ಚು ಬೇಕೇ ಬೇಕು, ಕೇಸಿಂಗ್ ಅಲ್ಲ ಅಂದರೆ ಯಾವುದು — ಹಬ್ಬು. ಎರಡಕ್ಕೂ ಒಂದೇ ಕಬ್ಬಿಣ. ಎರಡೂವರೆಗೆ ಹಬ್ಬಿನ ಅಚ್ಚು ಸಿದ್ಧವಿರುತ್ತದೆ, ಅದು ಗೊತ್ತಿರುವುದು ನನಗೆ ಮತ್ತು ಇವರಿಗೆ, ಹಾಳೆಗೆ ಗೊತ್ತಿಲ್ಲ. ನೋಡು, ಎಷ್ಟು ಸರಿಯಾಗಿ ಬಂದು ನಿಂತಿದೆ, ಇವನ ಕಣ್ಣು ಉಳಿಯಬೇಕೆಂದರೆ ಇವನ ಅರ್ಧ ತಾಸನ್ನು ನಾನೇ ಕೊಂಡೊಯ್ದು ಶಿವರಾಜ್ ಕೈಗೆ ಕೊಡಬೇಕು, ಇವತ್ತಿನದು ಮಾತ್ರವಲ್ಲ, ಒಂದು ಎಳೆ ಎಳೆದರೆ ಹನ್ನೊಂದೂ ಬರುತ್ತವೆ.

ಮೂರ್ತಪ್ಪ, ಬಾ ಒಂದು ನಿಮಿಷ ಆಫೀಸಿಗೆ. ಯಾಕೆ. ಬಾ ಮಾರಾಯ. ಒಂದು ಐವತ್ತೆರಡು. ಶಿವರಾಜ್ ಹಲಗೆಯ ಮುಂದೆ ಫೋನು ಹಿಡಿದು ನಿಂತಿದ್ದಾರೆ, ಹಾಂ ಸಾಬ್, ಕಲ್ ಸುಬಹ್ ಪಕ್ಕಾ, ನಾಳೆ ಬೆಳಿಗ್ಗೆ ಖಂಡಿತ ಎನ್ನುತ್ತಿದ್ದಾರೆ, ಪುಣೆಯವರೇ ಇರಬೇಕು, ಫೋನು ಇಡಲಿ ಎಂದು ಕಾಯುತ್ತೇನೆ, ಎರಡು ಸಾವಿರದ ಎರಡನೇ ಇಸವಿಯ ಕ್ಯಾಲೆಂಡರು ಫ್ಯಾನಿನ ಗಾಳಿಗೆ ಎದ್ದು ಎದ್ದು ಬೀಳುತ್ತಿದೆ, ಕೆಂಪು ಬಿಲ್ಲೆ ಮೂರನೆಯ ಮೊಳೆಯಲ್ಲಿ ಕಿಣಿಗುಟ್ಟುತ್ತಿದೆ. ಫೋನು ಇಟ್ಟರು. ಸಾರ್, ಕೇಸಿಂಗ್ ಕೋರು ಹಸಿ ಇದೆ. ಅವರು ನನ್ನನ್ನು ನೋಡಲಿಲ್ಲ, ರಶ್ಮಿಯನ್ನು ನೋಡಿದರು, ರಶ್ಮಿ ಮೇಜನ್ನು ನೋಡಿದಳು, ಆ ಮೇಜನ್ನೇ, ಮರಳು ಬಿದ್ದಿದ್ದ ಜಾಗವನ್ನು. ಕೊಟ್ರಬಸಪ್ಪೋರೆ, ಇವತ್ತು ಬೇಡ, ಅಂದರು ಶಿವರಾಜ್, ದಣಿದ ದನಿ. ನಾನು ಅವಳ ಕಡೆ ತಿರುಗಿದೆ, ರಶ್ಮಿ, ನೀನು ಕೇಳಿದ್ದೆಯಲ್ಲಮ್ಮ, ಯಾವುದಾದರೂ ಒಂದು ನಿಜ ಇದ್ದರೆ ಹೇಳಿ ಅಂತ — ಒಂದಿತ್ತು, ಕೇಸಿಂಗಿನ ಆರು ತಾಸು, ಅದೊಂದೇ, ಅವತ್ತು ನಾನು ಹೇಳಲಿಲ್ಲ. ಉಳಿದದ್ದು, ಅಂದಳು. ಉಳಿದದ್ದು ನಾನು ಬೇಕಂತ ಹೆಚ್ಚಿಗೆ ಬರೆಸಿದ್ದು, ಟ್ರಾಲಿ ಹಬ್ಬಿಗೆ ನಾಲ್ಕು ಅಂದಿದ್ದೆ, ನೀನು ಮೂರು ಮಾಡಿದೆ, ನಿಜ ಎರಡೂವರೆ, ಈಗ ಅಚ್ಚು ಕಟ್ಟುತ್ತಿದ್ದಾರೆ, ಎರಡೂವರೆಗೆ ಮುಗಿಯುತ್ತೆ, ಕುಲುಮೆಯಲ್ಲಿರೋದನ್ನ ಅದಕ್ಕೆ ಸುರೀರಿ, ಕೇಸಿಂಗ್ ನಾಳೆ ಬೆಳಿಗ್ಗೆ ಮೊದಲನೇದು, ಒಂದು ದಿನ ತಡ ಆಗುತ್ತೆ, ಆಗಲಿ. ಹಿಂದಿನಿಂದ ಮೂರ್ತಪ್ಪನ ಉಸಿರು. ಏನಂದೆ. ಮೂರ್ತಪ್ಪ — ಏನೋ ಅಂದೆ ನೀನು, ಎರಡೂವರೆನಾ, ಯಾರ ಹೊತ್ತೋ ಅದು, ನಿಮ್ಮಪ್ಪಂದಾ, ನಾವು ಮಾತಾಡ್ಕೊಂಡಿದ್ದೇನು, ಥೂ, ನಮ್ಮೋನು ಅಂದ್ಕೊಂಡಿದ್ನಲ್ಲೋ ನಿನ್ನ, ನಾಳೆಯಿಂದ ಹೊಂಗೆ ಮರದ ಕೆಳಗೆ ನೀನೇ ಹೋಗಿ ಮಲ್ಕೋ. ಕೈಯಲ್ಲಿದ್ದ ಟವಲನ್ನು ನೆಲಕ್ಕೆ ಬಡಿದ, ನನ್ನ ಮೇಲಲ್ಲ, ನೆಲಕ್ಕೆ, ಅವನು ಅಷ್ಟು ಒಳ್ಳೆಯವನು. ರಶ್ಮಿ ಅವನ ಮುಖವನ್ನು ನೋಡುತ್ತಿದ್ದಳು, ನನ್ನದನ್ನಲ್ಲ, ಕೋರಿನ ಸುಳ್ಳಿಗೆ ಯಾರಾದರೂ ಹೀಗೆ ಸಿಟ್ಟಾಗುತ್ತಾರೆಯೇ, ಅವನ ಸಿಟ್ಟೇ ನನ್ನ ಸಾಕ್ಷಿ, ಅವಳಿಗೆ ಅರ್ಥವಾಯಿತು, ಏಳು ನಿಮಿಷ ಕೂಡ ಬೇಕಾಗಲಿಲ್ಲ. ಸರ್, ಕೋರು ತೆಗೀಬೇಡಿ ಅಂತ ಹೇಳಿ ಬರ್ತೀನಿ ಎಂದು ಓಡಿದಳು, ಚಪ್ಪಲಿಯ ಸದ್ದು ಶೆಡ್ಡಿನ ತನಕ ಕೇಳಿಸಿತು.

ಎರಡು ಮೂವತ್ತೆರಡಕ್ಕೆ ಸುರಿದರು. ಮೂರ್ತಪ್ಪನೇ ಸುರಿದ, ನನ್ನ ಕಡೆ ನೋಡದೆ, ಇಪ್ಪತ್ನಾಲ್ಕು ಹಬ್ಬು, ಒಂದೊಂದರ ಬಾಯಲ್ಲೂ ಕಿತ್ತಳೆ ಬಣ್ಣದ ಒಂದು ಬೊಟ್ಟು, ಮೆಲ್ಲಗೆ ಕಪ್ಪಾಗುತ್ತ, ಏನೂ ಆಗಲಿಲ್ಲ, ಆಗಬಾರದ್ದು ಆಗದಿದ್ದರೆ ಅದಕ್ಕೆ ಸದ್ದಿರುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಒಲೆಯ ಮುಂದೆ ಕಾಳಮ್ಮ ಕಡ್ಡಿಯನ್ನು ಪಕ್ಕಕ್ಕಿಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಈಗ ಆಫೀಸಿನಲ್ಲಿ ನಾವು ಮೂವರು, ಬಾಗಿಲ ಚೌಕಟ್ಟಿಗೆ ಒರಗಿ ನಾಲ್ಕನೆಯವನು, ಒಳಗೂ ಬರುವುದಿಲ್ಲ ಹೊರಗೂ ಹೋಗುವುದಿಲ್ಲ. ರಶ್ಮಿ ಕೇಳುತ್ತಾಳೆ, ನಾನು ಹೇಳುತ್ತೇನೆ, ಮೋಟಾರಿನ ತಟ್ಟೆ, ಐದಲ್ಲ ಮೂರು, ಗಿರಣಿ ಚಕ್ರ, ಆರಲ್ಲ ನಾಲ್ಕು, ಒಂದೊಂದೇ, ಹಲ್ಲು ಕೀಳಿಸಿಕೊಂಡ ಹಾಗೆ, ಅವಳು ಬರೆದುಕೊಳ್ಳುತ್ತಾಳೆ, ನಡುವೆ ಒಮ್ಮೆ ತಲೆಯೆತ್ತಿ ಮೆಲ್ಲಗೆ, ಅವತ್ತೇ ಹೇಳಿದ್ರೆ ನಾನು ಯಾರಿಗೂ ಹೇಳ್ತಿರ್ಲಿಲ್ಲ ಸರ್, ಅಂದಳು, ಅದು ನಿಜವೋ ಏನೋ, ನಿಜವೇ ಇರಬೇಕು, ನಾನು ಕೇಳಿ ನೋಡಲಿಲ್ಲವಲ್ಲ. ಶಿವರಾಜ್ ತಾವೇ ಬಿಲ್ಲೆಗಳನ್ನು ಜರುಗಿಸುತ್ತಿದ್ದಾರೆ, ಪುಣೆಗೆ ಫೋನು ಮಾಡಿ ಬೈಸಿಕೊಂಡಾಗಿದೆ, ಗುರುವಾರದ ಸಾಲಿನ ಮೊದಲ ಮೊಳೆಗೆ ಕೆಂಪು, ಎರಡನೆಯದಕ್ಕೆ ಹಳದಿ, ಹೊತ್ತು ಕುಗ್ಗಿದ ಕೆಲಸಗಳು ಒಂದರ ಹಿಂದೊಂದು ಎಡಕ್ಕೆ ಸರಿದುಕೊಳ್ಳುತ್ತವೆ, ಬಸ್ಸಿನ ಸೀಟಿನಲ್ಲಿ ಒಬ್ಬರು ಸರಿದರೆ ಎಲ್ಲರೂ ಸರಿದ ಹಾಗೆ, ಕೊನೆಯ ಮೊಳೆಯಲ್ಲಿದ್ದ ಬಿಲ್ಲೆ ಐದನೆಯದಕ್ಕೆ ಬಂತು. ಅವರು ಕೈಯನ್ನು ಹಾಗೇ ಹಿಡಿದು ನಿಂತರು. ಆರು ವರ್ಷದ ಮೇಲೆ ಆರನೆಯ ಮೊಳೆ ಬರಿದಾಗಿ ಕಾಣುತ್ತಿದೆ. ಆರು ವರ್ಷದಲ್ಲಿ ಬಿಲ್ಲೆಗಳು ತಾಗಿ ತಾಗಿ ತಲೆ ಬೆಳ್ಳಗೆ ಹೊಳೆಯುತ್ತಿದೆ, ಕತ್ತಿನ ಹತ್ತಿರ, ಹಲಗೆಗೆ ತಾಗುವ ಕಡೆ, ಏನೋ ಕಪ್ಪಗೆ ಸುತ್ತಿಕೊಂಡಿದೆ, ತುಕ್ಕಿರಬೇಕು ಅಂದುಕೊಂಡೆ, ತುಕ್ಕಲ್ಲ, ದಾರ, ಅವರಪ್ಪ ಚೆಂಡುಹೂ ಕಟ್ಟಿದ್ದು. ಶಿವರಾಜ್ ಎಡಗೈಯಲ್ಲಿ ಇನ್ನೊಂದು ಹಳದಿ ಬಿಲ್ಲೆ ಇದೆ, ಡ್ರಾಯರಿನಿಂದ ಯಾವಾಗ ತೆಗೆದರೋ, ಇಲ್ಲೊಂದು ಕೂರುತ್ತಲ್ಲ ಎಂದು ತಮಗೆ ತಾವೇ ಅನ್ನುತ್ತಾರೆ, ಬಿಲ್ಲೆಯನ್ನು ಎತ್ತುತ್ತಾರೆ, ಬಾಗಿಲ ಹತ್ತಿರ ಮೂರ್ತಪ್ಪ ಒರಗಿದ್ದವನು ನೆಟ್ಟಗೆ ನಿಂತ, ರಶ್ಮಿಯ ಪೆನ್ನು ನಿಂತಿತು, ಹೇಳು ಕೊಟ್ರಬಸಪ್ಪ, ಹತ್ತೊಂಬತ್ತು ವರ್ಷದ ಹಿಂದೆ ಅವರಪ್ಪನಿಗೆ ಹೇಳಿದ್ದನ್ನು ಇವರಿಗೆ ಒಂದು ಸಲವೂ ಹೇಳಿಲ್ಲ ನೀನು, ಪುಡಿಮಾಡಿ ಬಚ್ಚಿಟ್ಟೆ, ಹೇಳು — ಸಾರ್, ಅದು ಕರೆಂಟಿಗೆ, ಅಂದೆ. ಅಷ್ಟೇ ಬಂತು ಬಾಯಿಗೆ. ಅವರು ತಿರುಗಿ ನನ್ನನ್ನು ನೋಡಿ ಮತ್ತೆ ಮೊಳೆಯನ್ನು ನೋಡಿದರು, ಬಗ್ಗಿ, ಕನ್ನಡಕ ಮೇಲೆತ್ತಿ, ಉಗುರಿನಿಂದ ಆ ದಾರವನ್ನು ಮುಟ್ಟಿದರು, ಆ ಹೊತ್ತಿಗೆ ಮೂರು ಗಂಟೆಯಾಗಿರಬೇಕು, ಕರೆಂಟು ಹೋಯಿತು, ಹೇಳಿದ ಹಾಗೇ ಹೋಯಿತು, ಕುಲುಮೆ ಬರಿದಾಗಿತ್ತು, ಅದರ ಗುಂಯ್ ಹಿಮ್ಮಡಿಯಿಂದ ಇಳಿದುಹೋಯಿತು, ಫ್ಯಾನು ನಿಧಾನವಾಗಿ ಇನ್ನೆರಡು ಸುತ್ತು ಸುತ್ತಿ ನಿಂತಿತು, ಬಿಲ್ಲೆಗಳು ಒಂದೊಂದಾಗಿ ಕಿಣಿಗುಟ್ಟುವುದನ್ನು ಬಿಟ್ಟವು, ಕೆಂಪು, ಹಳದಿ, ಹಳದಿ, ಹಳದಿ, ಹಳದಿ, ಆಮೇಲೆ ಮೊಳೆ. ಶಿವರಾಜ್ ಕೈಯಲ್ಲಿ ಬಿಲ್ಲೆ ಹಾಗೇ ಇದೆ, ಮೇಲೂ ಇಲ್ಲ ಕೆಳಗೂ ಇಲ್ಲ, ಮೂರ್ತಪ್ಪ ನೋಡುತ್ತಿದ್ದಾನೆ, ರಶ್ಮಿ ನೋಡುತ್ತಿದ್ದಾಳೆ, ಕಿಟಕಿಯ ಬೆಳಕು ಹಲಗೆಯ ಮೇಲೆ ಓರೆಯಾಗಿ ಬಿದ್ದಿದೆ, ಮೊಳೆ, ಅದರ ಗಿಡ್ಡ ನೆರಳು, ಕತ್ತಿಗೆ ಸುತ್ತಿದ ಒಂದೆಳೆ ದಾರ, ಖಾಲಿ ಮೊಳೆ —